ನಿನ್ನಮ್ಮನ ಹಳೇ ಪ್ರಶ್ನೆ

ಜೂನ್ ೧೪, ಶನಿವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ನನ್ನ ಸೋಮಾರಿತನವಲ್ಲ, ನಿನ್ನ ಪ್ರಶ್ನೆಯೇ ಕಾರಣ. "ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ ಅಂತೀಯ. ಮತ್ತೆ ಯಾರಿಗೆ ಹೆದರಿ ಸುಳ್ಳು ಹೇಳೋದಿಲ್ಲ?" ಎಂದು ಕೇಳಿ ತಲೆಗೆ ಹುಳ ಬಿಟ್ಟಿದ್ದೀಯ.

ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಊಟ ಅಷ್ಟಕ್ಕಷ್ಟೇ, ಬಾಯಿ ಮಾತ್ರ ಜೋರು. ದಿಂಬು ಹೇಗಿಡಬೇಕೆಂದು ನರ್ಸಿಗೇ ಪಾಠ ಹೇಳುತ್ತಾಳೆ.

ನಿನ್ನ ಪ್ರಶ್ನೆಯನ್ನು ನನ್ನ ಜೊತೆ ಕೆಲಸ ಮಾಡುವ, ನಾವೆಲ್ಲ "ಮೀಸೆ" ಎಂದೇ ಕರೆಯುವ ಗೆಳೆಯನ ಮುಂದಿಟ್ಟೆ. ನಮ್ಮ ಲಿಫ್ಟ್ ರಿಪೇರಿಯವರ ರೂಢಿ ನಿನಗೆ ಗೊತ್ತಲ್ಲ: ಸರಿಮಾಡಿದವನೇ ಮೊದಲು ಹತ್ತಿ ಮೇಲಿನ ಮಹಡಿಗೆ ಹೋಗಿ ಬರಬೇಕು, ಬೇರೆಯವರು ಆಮೇಲೆ. ಮೀಸೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಹತ್ತುತ್ತಾನೆ. ನಾನು ಬ್ರೇಕನ್ನು ಇನ್ನೊಮ್ಮೆ ನೋಡಿ ಹತ್ತುತ್ತೇನೆ.

"ದೇವರು ನೋಡ್ಕೋತಾನೆ ಅಂದ್ಮೇಲೆ ನಟ್ಟು ಯಾಕೋ ಅಷ್ಟು ಬಿಗಿ ಮಾಡ್ತೀಯ?" ಎಂದು ಕೆಣಕಿದೆ.

"ನನ್ನ ಕೆಲಸಾನ ಅವನ ತಲೆಗೆ ಕಟ್ಟೋಕಾಗುತ್ತಾ? ಸರಿ, ಮೇಲೆ ಯಾರಿದಾರೋ ಗೊತ್ತಿಲ್ಲ ಅನ್ನೋ ನೀನ್ಯಾಕೆ ಬಿಗಿ ಮಾಡ್ತೀಯ?"

"ಹತ್ತೋ ಜನ ಇದಾರಲ್ಲ," ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಆದರೆ ಯಾರೂ ಹತ್ತದ ಲಿಫ್ಟಿನ ನಟ್ಟು ಸಡಿಲವಿದ್ದರೂ ನನಗೆ ಊಟ ಸೇರುವುದಿಲ್ಲ. ಈ ಕಿರಿಕಿರಿ ಎಲ್ಲಿಂದ ಬಂತು? ಚಿಕ್ಕಂದಿನಲ್ಲಿ ಬೈಸಿಕೊಂಡದ್ದರಿಂದಲೋ, ಹುಟ್ಟಿನಿಂದಲೇ ಇತ್ತೋ? ತಿಳಿದುಕೊಳ್ಳಲು ನನಗೆ ಬಹಳ ಆಸೆ, ಮಗಳೇ.

ಇನ್ನು ಅಮ್ಮನ ಹಳೇ ಪ್ರಶ್ನೆ. ಮದುವೆಯಾದಾಗಿನಿಂದ ಕೇಳುತ್ತಾಳೆ: "ರೀ, ಸತ್ತ ಮೇಲೂ ನಾವಿಬ್ರು ಸಿಗ್ತೀವಾ?" ನಾನು "ಗೊತ್ತಿಲ್ಲ ಕಣೇ" ಎನ್ನುತ್ತೇನೆ. "ಸುಳ್ಳಾದ್ರೂ ಒಂದು ಹೂಂ ಅನ್ನಬಾರದಾ, ಕಲ್ಲು ಮನಸ್ಸು ನಿಮ್ದು!" ಎಂದು ನಗುತ್ತಾಳೆ. ನಿನ್ನೆ ಮತ್ತೆ ಕೇಳಿದಳು. ಈ ಸಲ ನಗಲಿಲ್ಲ. "ನಾಳೆ ಹೇಳ್ತೀನಿ" ಎಂದು ಜಾರಿಕೊಂಡೆ.

ಹೂಂ ಅಂದುಬಿಡಲೇ ಎಂದು ಇವತ್ತು ಮೀಸೆಯನ್ನು ಕೇಳಿದೆ. ಅಷ್ಟು ದೊಡ್ಡ ಭಕ್ತ, "ಹೂಂ ಅನ್ನು" ಎನ್ನುತ್ತಾನೆಂದುಕೊಂಡಿದ್ದೆ. "ನಾನು ಹೇಳಿದ್ರೆ ಅದು ನಂಬಿಕೆ, ನೀನು ಹೇಳಿದ್ರೆ ಸುಳ್ಳು. ಬೇಡ," ಎಂದ. ಅದೇ ಮಾತು ಒಬ್ಬನ ಬಾಯಲ್ಲಿ ಪುಣ್ಯ, ಇನ್ನೊಬ್ಬನ ಬಾಯಲ್ಲಿ ಪಾಪ ಹೇಗಾಗುತ್ತದೆ? ಕೇಳುವವಳಿಗೆ ನೆಮ್ಮದಿಯಾದರೆ ಸಾಲದೇ? ನೀನು ಹತ್ತಿರವಿದ್ದಿದ್ದರೆ ಜಗಳವಾಡಿಯಾದರೂ ತೀರ್ಮಾನ ಮಾಡುತ್ತಿದ್ದೆವು. ಸಂಜೆ ಹೋಗಬೇಕು, ಉತ್ತರ ಇನ್ನೂ ಸಿಕ್ಕಿಲ್ಲ.

ನಿನಗೂ ಅಳಿಯಂದಿರಿಗೂ ಆಶೀರ್ವಾದ. ಯಾರ ಹೆಸರಿನಲ್ಲಿ ಎಂದು ಕೇಳಬೇಡ, ನನ್ನ ಹೆಸರಿನಲ್ಲೇ. ಒಳ್ಳೆಯದಾಗಲಿ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ಗುರುವಾರವೇ ನನ್ನೊಬ್ಬನನ್ನು ಕರೆದು ಹೇಳಿದ್ದರು. ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಅವಳ ಕೈ ಹಿಡಿದು, "ಹೂಂ ಕಣೇ, ಸಿಗ್ತೀವಿ," ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಾನು ಉಳಿಯಲ್ಲ, ಅಲ್ವೇನ್ರೀ?" ಎಂದಳು.

ಬೇಗ ಬಾ, ಮಗಳೇ.