ನನ್ನ ಹೆಸರಿನಲ್ಲಿ ಊಟ ಹಂಚುವ ತಮ್ಮನಿಗೆ

ಸಾಹೇಬರಿಗೆ ಎಚ್ಚರವಾಯಿತೇ? ತಿಂಡಿ ಮುಚ್ಚಿಟ್ಟಿದ್ದೇನೆ. ಪ್ರೀತಿಯಿಂದಲ್ಲ, ಬೆಕ್ಕಿನ ಭಯಕ್ಕೆ.

ನಿನ್ನೆ ಆಡಿಟರ್ ಹತ್ತಿರ ಹೋಗಿದ್ದೆ. ಆತ ಕಂಪ್ಯೂಟರ್ ನೋಡಿ, "ಮೇಡಂ, ಹಗಲೆಲ್ಲ ಆಸ್ಪತ್ರೆ ಕೆಲಸ, ಜೊತೆಗೆ ಮನೆಮನೆಗೆ ಊಟ ಕೊಡೋದು. ನಿದ್ದೆ ಯಾವಾಗ ಮಾಡ್ತೀರಿ?" ಅಂದ. ಪೆದ್ದಿಯ ಹಾಗೆ ನಕ್ಕು ಬಂದೆ.

ಊಟ ತಲುಪಿಸುವ ಕಂಪನಿ ನಿನ್ನ ಖಾತೆ ಮುಚ್ಚಿದಾಗ "ಅಕ್ಕಾ, ಒಂದೇ ಒಂದು ತಿಂಗಳು ನಿನ್ನ ಹೆಸರಲ್ಲಿ ಓಡಿಸ್ತೀನಿ" ಅಂದವನು ನೀನು. ವರ್ಷವೇ ಕಳೆಯಿತು. ಸಂಪಾದನೆ ನಿನ್ನ ಜೇಬಿಗೆ, ಆದಾಯ ತೆರಿಗೆ ನನ್ನ ತಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಪೆಟ್ರೋಲ್, ರಿಪೇರಿ ಬಿಲ್ಲು ಕೊಟ್ಟರೆ ತೆರಿಗೆ ಸ್ವಲ್ಪ ಇಳಿಯುತ್ತದಂತೆ. ನೀನು ಅವನ್ನೆಲ್ಲ ಮಡಚಿ ಮೇಜಿನ ಕುಂಟು ಕಾಲಿನ ಕೆಳಗೆ ತುರುಕಿದ್ದೀಯ. ಈಗಲೇ ತೆಗೆದು ಬಿಡಿಸಿಡು. ಸುಕ್ಕು ಹೋಗಲಿ ಅಂತ ಇಸ್ತ್ರಿ ಹಾಕಬೇಡ, ಆ ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ. ನಿನ್ನ ಬುದ್ಧಿ ನನಗೆ ಗೊತ್ತು.

ಅಮ್ಮನ ಹತ್ತಿರ ಹೋಗಿ ಮೂಗು ಒರೆಸಿಕೊಳ್ಳಬೇಡ. "ಪಾಪ, ಅದಿನ್ನೂ ಮಗು" ಅನ್ನುತ್ತಾಳೆ. ಮಗುವಿಗೆ ಗಡ್ಡ ಬಂದಿದೆ.

ದಿನಾ ಬೆಳಿಗ್ಗೆ ನಾನು ಹಾಸಿಗೆಯಲ್ಲಿರುವಾಗಲೇ ಫೋನನ್ನು ಮೂತಿಗೆ ಹಿಡಿದು, "ಅಕ್ಕಾ, ಸ್ವಲ್ಪ ಕಣ್ಣು ಬಿಡು, ಆ್ಯಪ್ ನಿನ್ನ ಮುಖ ಕೇಳ್ತಿದೆ" ಅನ್ನುತ್ತೀಯಲ್ಲ? ಇವತ್ತು ಆ ಮುಖ ನೀನು ಏಳುವ ಮೊದಲೇ ಡ್ಯೂಟಿಗೆ ಹೋಗಿದೆ. ನಾಳೆಯೂ ಹೋಗುತ್ತದೆ.

ತೆರಿಗೆ ಕಟ್ಟಿ ಬಾ. ರಸೀದಿ ಮೊದಲು, ಮುಖ ಆಮೇಲೆ.

ಅಕ್ಕ