ಒಂದು ಶಾಲೆಗೆ ಒಂದೇ ಬಾಚಣಿಗೆ

ಮಾನ್ಯ ಶಾಲಾ ಆರೋಗ್ಯಾಧಿಕಾರಿಗಳೇ,

ತಲೆಯಲ್ಲಿ ಕೂದಲಿಲ್ಲ ಎಂಬ ಕಾರಣಕ್ಕೆ ನಮ್ಮ ಕಟ್ಟಡದ ಒಂದು ಮಗುವನ್ನು ಶಾಲೆಯ ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದಾರೆ. ಕಳಿಸಿದವರು ಯಾರೋ ಕಿಡಿಗೇಡಿಗಳಲ್ಲ. ಕಳಿಸಿದ್ದು ನಿಮ್ಮ ಆದೇಶ. ಹೇನು ನಿರ್ಮೂಲನೆಗೆಂದು ತಾವು ಹೊರಡಿಸಿದ ಆ ಆದೇಶವನ್ನು ಶಾಲೆಯ ಗೋಡೆಗೆ ಅಂಟಿಸಿದ್ದಾರೆ, ನಾನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ್ದೇನೆ. ಅದನ್ನು ಬರೆದವರು ಜೀವಮಾನದಲ್ಲಿ ಒಂದು ಮಗುವಿನ ತಲೆಯನ್ನೂ ಮಡಿಲಲ್ಲಿಟ್ಟುಕೊಂಡು ನೋಡಿದವರಲ್ಲ ಎಂಬುದು ಆಗ ನನಗೆ ಖಾತ್ರಿಯಾಯಿತು. ತಮ್ಮ ಕಚೇರಿಗೆ ಅರ್ಜಿ ಕೊಡಬಹುದಿತ್ತು. ಆದರೆ ಅರ್ಜಿಗಳು ಏನಾಗುತ್ತವೆಂದು ನನಗೆ ಗೊತ್ತು, ಆದ್ದರಿಂದ ಎಲ್ಲರಿಗೂ ಕಾಣುವಂತೆ ಇಲ್ಲಿ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಹೇಗೆ ಗೊತ್ತು ಎಂದರೆ, ನಾನು ನಿವೃತ್ತ ಟೈಪಿಸ್ಟ್. ಕಾರ್ಬನ್ ಹಾಳೆಯ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ತಮ್ಮಂಥ ಅಧಿಕಾರಿಗಳ ಆದೇಶಗಳನ್ನು ಕುಟ್ಟಿದ ಬೆರಳುಗಳಿವು. 'ತಕ್ಷಣದಿಂದ ಜಾರಿಗೆ ಬರುವಂತೆ', 'ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು', 'ತಪ್ಪಿದಲ್ಲಿ ಸಂಬಂಧಪಟ್ಟವರೇ ಹೊಣೆ' ಎಂಬ ಮಾತುಗಳು ಊಟದ ನಂತರದ ತೂಕಡಿಕೆಯಲ್ಲಿ ಎಷ್ಟು ಸಲೀಸಾಗಿ ಹುಟ್ಟುತ್ತವೆ ಎಂದು ಹತ್ತಿರದಿಂದ ಕಂಡಿದ್ದೇನೆ. ಹೇಳುವವರು ಕುರ್ಚಿಗೆ ಒರಗಿ ಹೇಳುತ್ತಿದ್ದರು, ನಾನು ತಲೆ ತಗ್ಗಿಸಿ ಟೈಪು ಮಾಡುತ್ತಿದ್ದೆ. ಆ ವಾಕ್ಯ ಹೋಗಿ ಯಾರ ಮನೆಯ ಬಾಗಿಲು ಬಡಿಯುತ್ತದೆ ಎಂದು ಇಬ್ಬರೂ ಕೇಳಿಕೊಳ್ಳುತ್ತಿರಲಿಲ್ಲ. ಈಗ ಒಂದು ವಾಕ್ಯ ನಮ್ಮ ಮೆಟ್ಟಿಲು ಹತ್ತಿ ಬಂದಿದೆ.

ಆದೇಶ ತಮಗೆ ಮರೆತಿರಬಹುದು, ನೆನಪಿಸುತ್ತೇನೆ. ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲ ಹೆಣ್ಣುಮಕ್ಕಳ ತಲೆ ಬಾಚಿ ನೋಡಬೇಕು. ಹೇನಾಗಲಿ, ಹೇನಿನ ಮೊಟ್ಟೆಯಾದ ಸೀರಾಗಲಿ, ಒಂದೇ ಒಂದು ಕಂಡರೂ ಆ ಮಗುವನ್ನು ಅಂದೇ ಹೊರಗೆ ಕಳಿಸಬೇಕು. ಮತ್ತೆ ಸೇರಿಸಿಕೊಳ್ಳುವುದು 'ಬಾಚಿ ನೋಡಿ, ಒಂದು ಸೀರೂ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ'. ಈ ಮಹತ್ಕಾರ್ಯಕ್ಕೆಂದು ತಮ್ಮ ಇಲಾಖೆ ಒಂದು ಶಾಲೆಗೆ ಒಂದರಂತೆ ಬಾಚಣಿಗೆ ದಯಪಾಲಿಸಿದೆ. ಗಂಡುಮಕ್ಕಳ ಕೂದಲು ಗಿಡ್ಡವಾದ್ದರಿಂದ ಅವರಿಗೆ ವಿನಾಯಿತಿ. ಸ್ವಾಮಿ, ಹೇನುಗಳು ತಮ್ಮ ಆದೇಶವನ್ನು ಓದಿಕೊಂಡು ಹುಡುಗರ ತಲೆಯ ತಂಟೆಗೆ ಹೋಗದೆ ಇರುತ್ತವೆಯೇ? ಶಿಕ್ಷಕರ ತಲೆ, ಮನೆಯಲ್ಲಿರುವ ಅಜ್ಜಿಯ ತಲೆ, ಎಲ್ಲರೂ ಒಂದೇ ದಿಂಬಿಗೆ ಒರಗುವ ಸಣ್ಣ ಮನೆಗಳು, ಇವುಗಳ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ.

ಇನ್ನು ಆ ಮಗುವಿನ ವಿಷಯ. ನಮ್ಮ ಮನೆಯಲ್ಲಿ ನಾನು, ಮಗಳು, ಅಳಿಯ ಮತ್ತು ಮೊಮ್ಮಗಳು ಚಿಟ್ಟು ಇದ್ದೇವೆ. ಎದುರು ಬಾಗಿಲಿನಲ್ಲಿ ಚಿಟ್ಟುವಿನ ಗೆಳತಿ ಇದ್ದಾಳೆ. ಅವಳಿಗೆ ನಾವು ಇಟ್ಟ ಹೆಸರು ಸಿಳ್ಳೆ, ಏಕೆಂದರೆ ಬಾಗಿಲು ಬಡಿಯುವ ಬದಲು ಸಿಳ್ಳೆ ಹಾಕಿಯೇ ಅವಳು ಚಿಟ್ಟುವನ್ನು ಕರೆಯುವುದು. ಇಬ್ಬರದೂ ಒಂದೇ ತರಗತಿ, ಒಂದೇ ಬೆಂಚು. ಸಿಳ್ಳೆಯ ಅಪ್ಪ ಲಾರಿ ಚಾಲಕ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅಮ್ಮ ಬ್ರೆಡ್ಡು ತಯಾರಿಸುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಪ್ಯಾಕಿಂಗ್ ಮಾಡುತ್ತಾಳೆ. ಸಂಜೆ ಬಂದಾಗ ಅವಳ ರೆಪ್ಪೆಯ ಮೇಲೂ ಹಿಟ್ಟಿರುತ್ತದೆ.

ಮೊದಲ ಸೋಮವಾರ ಸಿಳ್ಳೆ ಸಿಕ್ಕಿಬಿದ್ದಳು. ಎಲ್ಲರೆದುರಿಗೆ ಸಾಲಿನಿಂದ ಹೊರಗೆಳೆದು, ಚೀಲ ಕೈಗೆ ಕೊಟ್ಟು, ಮನೆಯವರು ಬರುವವರೆಗೆ ಗೇಟಿನ ಹೊರಗೆ ನಿಲ್ಲಿಸಿದರಂತೆ. ಮನೆಯವರು ಬರುವುದೆಲ್ಲಿಂದ? ಕಾರ್ಖಾನೆಯ ಬಾಗಿಲು ಒಮ್ಮೆ ಮುಚ್ಚಿದರೆ ಸಂಜೆಯೇ ತೆರೆಯುವುದು. ಅಂಗಡಿಗೆ ಹೊರಟಿದ್ದ ನಾನು ಕಂಡು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವಳು ನನ್ನಿಂದ ಒಂದು ಮಾರು ದೂರದಲ್ಲೇ ನಡೆದಳು. ಹತ್ತಿರ ಬಾರೇ ಎಂದರೆ, "ಬೇಡ ಅಜ್ಜಿ, ನಿಮಗೂ ಹತ್ತುತ್ತೆ" ಎಂದಳು. ಎಂಟು ವರ್ಷದ ಮಗುವಿಗೆ ತನ್ನ ಬಗ್ಗೆ ತಾನೇ ಹೇಸಿಕೊಳ್ಳುವುದನ್ನು ಒಂದೇ ಬೆಳಿಗ್ಗೆಯಲ್ಲಿ ಕಲಿಸಿದ ತಮ್ಮ ಆದೇಶದ ಬೋಧನಾ ಸಾಮರ್ಥ್ಯವನ್ನು ಮೆಚ್ಚಲೇಬೇಕು.

ಮುಂದಿನ ಸೋಮವಾರ ಚಿಟ್ಟುವಿನ ಸರದಿ ಬಂತು. ನನ್ನ ಮಗಳು ಕೂಗಾಡಿದಳು. "ಆ ಹುಡುಗಿ ಜೊತೆ ಸೇರ್ಬೇಡ ಅಂತ ಎಷ್ಟು ಸಲ ಹೇಳಿದ್ದೆ" ಎಂದು ಮಗುವಿನ ಬೆನ್ನಿಗೆ ಒಂದು ಕೊಟ್ಟಳು ಕೂಡ. ನಾನು ಸುಮ್ಮನೆ ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಔಷಧಿ ಅಂಗಡಿಯಿಂದ ತಂದ ಲೋಷನ್ ಹಚ್ಚಿ, ಬಿಸಿಲಿಗೆ ತಲೆ ಒಡ್ಡಿಸಿ, ಎಳೆ ಎಳೆಯಾಗಿ ಬಿಡಿಸಿ ಬಾಚಿದೆ. ನನಗೆ ಬೇರೆ ಕೆಲಸವೇನಿದೆ? ವಾರ ಕಳೆಯುವುದರೊಳಗೆ ಚಿಟ್ಟು ತರಗತಿಗೆ ಮರಳಿದಳು. ನಮ್ಮ ಮನೆ ಸ್ವಚ್ಛ, ಎದುರುಮನೆ ಕೊಳಕು ಎಂದು ಕಟ್ಟಡದವರು ತೀರ್ಪು ಕೊಟ್ಟರು. ಸುಳ್ಳು. ಹೇನು ಹೋಗಲು ಬೇಕಾದದ್ದು ಪುರುಸೊತ್ತು. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕುಳಿತಿರುವ ಒಂದು ಮುದಿ ಜೀವ ನಮ್ಮ ಮನೆಯಲ್ಲಿತ್ತು, ಅವರ ಮನೆಯಲ್ಲಿರಲಿಲ್ಲ, ವ್ಯತ್ಯಾಸ ಅಷ್ಟೇ.

ಸಿಳ್ಳೆಯನ್ನೂ ಕರೆದು ಕೂರಿಸಿಕೊಂಡೆ. ಮಗಳು ಮುಖ ಗಂಟಿಕ್ಕಿದಳು, ಗಂಟಿಕ್ಕಲಿ ಬಿಡಿ. ಸಿಳ್ಳೆಯ ತಲೆಯಲ್ಲಿದ್ದ ಜೀವಂತ ಹೇನುಗಳು ಬೇಗನೆ ಹೋದವು. ಉಳಿದದ್ದು ಸೀರಿನ ಖಾಲಿ ಚಿಪ್ಪು. ಮರಿ ಹೊರಬಿದ್ದ ಮೇಲೂ ಚಿಪ್ಪು ಕೂದಲಿಗೆ ಅಂಟಿಕೊಂಡೇ ಇರುತ್ತದೆ, ಕೂದಲು ಬೆಳೆದಂತೆ ಅದೂ ಕೆಳಗಿಳಿಯುತ್ತದೆ, ಯಾರಿಗೂ ಹತ್ತುವುದಿಲ್ಲ. ಮಗುವಿನ ಕೂದಲು ಬೇರೆ ಗುಂಗುರು, ದಟ್ಟ. ಪ್ರತಿ ಸೋಮವಾರ ಎಲ್ಲಾದರೂ ಒಂದು ಬಿಳಿ ಚುಕ್ಕೆ ಕಾಣುತ್ತಿತ್ತು, ಮಗು ಮತ್ತೆ ಗೇಟಿನ ಹೊರಗೆ. ಪರೀಕ್ಷೆ ಹತ್ತಿರವಾಗುತ್ತಿತ್ತು. ಅವಳ ಅಮ್ಮ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗತೊಡಗಿದಳು. ನಾನು ಇದ್ದೇನಲ್ಲ, ಇಲ್ಲಿ ಬಿಟ್ಟು ಹೋಗು ಎಂದರೆ ಕೇಳಲಿಲ್ಲ. "ನಿಮ್ಮ ಮಗಳ ಕಣ್ಣಲ್ಲಿ ನಾವು ಕೀಳಾಗೋದು ಸಾಕಮ್ಮ" ಎಂದಳು. ನಾನು ಒಳಗೆ ಬಂದೆ.

ಒಂದು ಭಾನುವಾರ ಮಧ್ಯಾಹ್ನ ಎದುರುಮನೆಯಿಂದ ಘಾಟು ವಾಸನೆ ಬಂತು. ತಿಗಣೆಗೆ ಹೊಡೆಯುವ ಔಷಧಿ ಎಂದುಕೊಂಡೆ, ಹೌದು, ಅದೇ. ಆದರೆ ಹೊಡೆದದ್ದು ಹಾಸಿಗೆಗಲ್ಲ. ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರಂತೆ, ಇದನ್ನು ತಲೆಗೆ ಹಚ್ಚಿ ಬಟ್ಟೆ ಕಟ್ಟಿದರೆ ಸೀರು ಸಮೇತ ಉದುರಿಹೋಗುತ್ತದೆ ಎಂದು. ಸ್ವಲ್ಪ ಹೊತ್ತಿಗೆ ಸಿಳ್ಳೆಯ ಅಮ್ಮ ಮಗುವನ್ನು ಹೊತ್ತುಕೊಂಡು ಮೆಟ್ಟಿಲಿಗೆ ಬಂದಳು. ಮಗು ವಾಂತಿ ಮಾಡಿಕೊಂಡು ಕೈಕಾಲು ಸೆಟೆದುಕೊಂಡಿತ್ತು. ಅಳಿಯನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಹಿಂದಿನ ಸೀಟಿನಲ್ಲಿ ತಾಯಿ ಮಗು ಇಬ್ಬರೂ, ನಾನು ಆಟೋದಲ್ಲಿ ಹಿಂಬಾಲಿಸಿದೆ.

ಡಾಕ್ಟರು ಸಿಟ್ಟಾಗಿದ್ದರು. ಮಗುವಿನ ತಲೆಗೆ ಯಾರಾದರೂ ಇದನ್ನು ಹಾಕುತ್ತಾರೆಯೇ, ಓದುಬರಹ ಬರುವುದಿಲ್ಲವೇ ಎಂದು ಗದರಿದರು. ಸಿಳ್ಳೆಯ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಒಂದೇ ಮಾತು ಹೇಳಿದಳು: "ನಾಳೆ ಸೋಮವಾರ ಇತ್ತು ಡಾಕ್ಟ್ರೇ." ಡಾಕ್ಟರಿಗೆ ಅರ್ಥವಾಗಲಿಲ್ಲ. ತಮಗೆ ಆಗಬೇಕು.

ಮಗು ಉಳಿಯಿತು. ನೆತ್ತಿಯ ಚರ್ಮ ಅಲ್ಲಲ್ಲಿ ಸುಟ್ಟಿದ್ದರಿಂದ ತಲೆ ಬೋಳಿಸಬೇಕಾಯಿತು. ಮನೆಗೆ ಬಂದ ದಿನ ಸಂಜೆ ಅವಳನ್ನು ನೋಡಲು ಒಬ್ಬ ಶಿಕ್ಷಕಿ ಬಂದರು. ಸೋಮವಾರದ ಬಾಚುವ ಕೆಲಸ ಅವರದೇ. ಎದುರುಮನೆಯಲ್ಲಿ ಎರಡು ನಿಮಿಷ ನಿಂತು ನಮ್ಮ ಮನೆಗೆ ಬಂದು ಕುಳಿತರು. ನೀರು ಕೊಟ್ಟೆ. ಬಾಗಿಲು ಹಾಕಿದೆಯೇ ಎಂದು ಹಿಂತಿರುಗಿ ನೋಡಿ, ಜಡೆ ಬಿಚ್ಚಿದರು. "ಅಮ್ಮಾ, ನನ್ನ ತಲೆ ಸ್ವಲ್ಪ ನೋಡ್ತೀರಾ? ಮನೇಲಿ ಕೇಳೋಕೆ ನಾಚಿಕೆ" ಎಂದರು. ನೋಡಿದೆ. ನೋಡುವುದಕ್ಕೆ ಕನ್ನಡಕವೂ ಬೇಕಾಗಲಿಲ್ಲ.

"ಒಂದೇ ಬಾಚಣಿಗೆ ಅಮ್ಮಾ" ಎಂದರು ಆಕೆ, ತಲೆ ಬಗ್ಗಿಸಿಕೊಂಡೇ. "ಒಬ್ಬಳ ತಲೆ ಬಾಚೋದು, ಮಗ್ಗಿನ ನೀರಲ್ಲಿ ಅದ್ದೋದು, ಇನ್ನೊಬ್ಬಳ ತಲೆಗೆ ಹಾಕೋದು. ಕೊನೇ ಸಾಲಿಗೆ ಬರೋ ಹೊತ್ತಿಗೆ ನೀರಲ್ಲಿ ಏನೇನೋ ಈಜ್ತಾ ಇರುತ್ತೆ. ಇನ್ನಷ್ಟು ಬಾಚಣಿಗೆ ಕೊಡಿ ಅಂತ ಆಫೀಸಿಗೆ ಫೋನ್ ಮಾಡಿದ್ದೆ. ನೀರಲ್ಲಿ ಅದ್ದಿ ಬಳಸಿ, ಆದೇಶದಲ್ಲಿ ಹಾಗೇ ಇದೆ ಅಂದ್ರು. ಮೊದಲನೇ ವಾರ ಮೂರ್ನಾಲ್ಕು ಮಕ್ಕಳಿಗೆ ಇತ್ತು. ಈಗ ಅರ್ಧ ಕ್ಲಾಸಿಗಿದೆ." ನೀರಿನಲ್ಲಿ ಮುಳುಗಿಸಿದರೆ ಹೇನು ಸಾಯುವುದಿಲ್ಲ, ಉಸಿರು ಬಿಗಿಹಿಡಿದು ಬಾಚಣಿಗೆಗೆ ಕಚ್ಚಿಕೊಂಡಿರುತ್ತದೆ ಎಂದು ತಮ್ಮ ಇಲಾಖೆಯಲ್ಲಿ ಯಾರಿಗೂ ಗೊತ್ತಿಲ್ಲವೇ? ಬೆಂಕಿ ಆರಿಸಲು ಬಂದವರೇ ಮನೆಯಿಂದ ಮನೆಗೆ ಕೊಳ್ಳಿ ಹೊತ್ತು ತಿರುಗಿದಂತಾಗಲಿಲ್ಲವೇ? ಈ ಭಾಗವನ್ನು ಪತ್ರದಲ್ಲಿ ಬರೆಯಲೇ ಎಂದು ಆಕೆಯನ್ನು ಕೇಳಿದೆ. "ಹೆಸರು ಬೇಡ, ಆದರೆ ಬರೀರಿ" ಎಂದರು. ಕೆಲಸ ಹೋಗುವ ಭಯ ಅವರಿಗೆ ಖಂಡಿತ ಇದೆ.

ಮುಲಾಮು ಹಚ್ಚಲೆಂದು ತಲೆ ಬೋಳಿಸುತ್ತಲೇ ಇದ್ದರು, ಗಾಯ ಮಾಯಿತು. ಡಾಕ್ಟರು ಶಾಲೆಗೆ ಹೋಗಬಹುದು ಎಂದರು. ಸಿಳ್ಳೆಯ ಅಮ್ಮ ಅರ್ಧ ದಿನದ ರಜೆ ಹಾಕಿ, ಮಗುವಿನ ಯೂನಿಫಾರಂ ಇಸ್ತ್ರಿ ಮಾಡಿ, ಕೈ ಹಿಡಿದು ಹೊರಟಳು. ಚಿಟ್ಟುವನ್ನು ಬಿಡಲು ಹೊರಟಿದ್ದ ನಾನೂ ಜೊತೆಗಿದ್ದೆ. ಸಿಳ್ಳೆಯ ತಲೆ ನುಣ್ಣಗೆ ಹೊಳೆಯುತ್ತಿತ್ತು. ಹೇನಿಗೆ ಅಲ್ಲಿ ಕಾಲೂರಲು ಜಾಗವಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಗೇಟಿಗೇ ಬಂದರು. ಅವರು ಕೆಟ್ಟವರಲ್ಲ, ಹೆದರಿದವರು. "ಸೇರಿಸಿಕೊಳ್ಳಬೇಕಾದರೆ ಬಾಚಿ ನೋಡ್ಬೇಕು ಅಂತ ಆರ್ಡರ್‌ನಲ್ಲಿದೆ ಕಣಮ್ಮ. ಬಾಚೋಕೆ ಕೂದ್ಲೇ ಇಲ್ವಲ್ಲ, ನಾನೇನು ಮಾಡ್ಲಿ? ನಾಳೆ ಇನ್‌ಸ್ಪೆಕ್ಷನ್ ಬಂದ್ರೆ ನನ್ನ ತಲೆ ಹೋಗುತ್ತೆ" ಎಂದರು.

ಸಿಳ್ಳೆಯ ಅಮ್ಮನಿಗೆ ಮೊದಲು ತಿಳಿಯಲೇ ಇಲ್ಲ. ತಮಾಷೆ ಮಾಡುತ್ತಿದ್ದಾರೆಂದು ನಗಲು ಹೋದಳು. ಆಮೇಲೆ ಆ ನಗು ಹಾಗೇ ಮುಖದ ಮೇಲೆ ಕೆಟ್ಟುಹೋಯಿತು. ನಾನು ಜಗಳಕ್ಕೆ ನಿಂತೆ. ಬಾಚಣಿಗೆ ತಂದು ಬೋಳು ತಲೆಯ ಮೇಲೇ ಎಳೆಯಿರಿ, ಆದೇಶ ಪಾಲಿಸಿದಂತಾಗುತ್ತದೆ ಎಂದೆ. ಗಾಯದ ಹಸಿ ಕಲೆಗಳ ಮೇಲೆ ಲೋಹದ ಹಲ್ಲು ತಾಗಿಸಿದರೆ ನಾಳೆ ಅದಕ್ಕೂ ನಾವೇ ಹೊಣೆ ಎಂದರು, ಅದೂ ನಿಜವೇ. ಚಿಟ್ಟು ಮಧ್ಯೆ ನುಗ್ಗಿ, "ಅವಳ ಬದಲು ನನ್ನನ್ನೇ ಬಾಚಿ ಮಿಸ್, ನಾವಿಬ್ರೂ ಒಂದೇ ಬೆಂಚು ತಾನೇ" ಎಂದು ತನ್ನ ಜಡೆ ಮುಂದೆ ಚಾಚಿದಳು. ಮುಖ್ಯೋಪಾಧ್ಯಾಯಿನಿ ಕಣ್ಣು ಒರೆಸಿಕೊಂಡು, "ಸ್ವಲ್ಪ ಕೂದ್ಲು ಬೆಳೀಲಿ, ಕರ್ಕೊಂಡ್ ಬನ್ನಿ" ಎಂದು ಗೇಟು ಹಾಕಿಸಿದರು. ಪರೀಕ್ಷೆ ಕಣ್ಣಮುಂದೆ ಇದೆ. ಕೂದಲು ತಮ್ಮ ವೇಳಾಪಟ್ಟಿ ನೋಡಿಕೊಂಡು ಬೆಳೆಯುವುದಿಲ್ಲ.

ಈಗ ನನ್ನ ಒತ್ತಾಯ ಕೇಳಿ. ಆದೇಶವನ್ನು ಹಿಂಪಡೆಯಿರಿ. ಹೇನಿಗಾಗಿ ಯಾವ ಮಗುವೂ ಒಂದು ಪಾಠವನ್ನೂ ಕಳೆದುಕೊಳ್ಳಬಾರದು. ಆ ಪುಣ್ಯದ ಬಾಚಣಿಗೆಯನ್ನು ಕಸದ ಬುಟ್ಟಿಗೆ ಹಾಕಿ, ಮನೆಮನೆಗೆ ಒಂದು ಬಾಚಣಿಗೆ, ಒಂದು ಬಾಟಲಿ ಲೋಷನ್ ಕಳಿಸಿ. ಹುಡುಗರು, ಅಪ್ಪಂದಿರು, ಅಜ್ಜಿಯರು, ಶಿಕ್ಷಕರು ಎನ್ನದೆ ಎಲ್ಲರ ತಲೆಯನ್ನೂ ಒಂದೇ ರಜಾದಿನ ತೊಳೆಸಿ, ಹತ್ತು ದಿನದೊಳಗೆ ಇನ್ನೊಮ್ಮೆ. ನೋಡುವುದಿದ್ದರೆ ಬಾಗಿಲು ಹಾಕಿ ನೋಡಿ, ತಾಯಂದಿರ ಕಿವಿಯಲ್ಲಿ ಹೇಳಿ. ತಲೆಗೆ ಯಾವುದನ್ನು ಹಚ್ಚಬಾರದು ಎಂಬುದನ್ನು ಆ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಬೇಕಿದ್ದರೆ ನಾನೇ ಟೈಪು ಮಾಡಿಕೊಡುತ್ತೇನೆ, ಬೆರಳುಗಳು ಇನ್ನೂ ಗಟ್ಟಿಯಾಗಿವೆ.

ಇವೆಲ್ಲ ತಡವಾಗಬಹುದು, ಸಭೆ, ಸಮಿತಿ ಎಂದು ಕಾಲ ಹೋಗಬಹುದು. ಒಂದು ಮಾತ್ರ ತಡವಾಗುವಂತಿಲ್ಲ. ನಿನ್ನೆ ಸಿಳ್ಳೆ ಕನ್ನಡಿಯ ಮುಂದೆ ನಿಂತು ತಲೆ ಸವರಿಕೊಳ್ಳುತ್ತಿದ್ದವಳು, "ಅಜ್ಜಿ, ಕೂದ್ಲು ಬಂದ್ರೆ ಒಳಗೆ ಬಿಡ್ತಾರೆ. ಆದ್ರೆ ಆ ಕೂದ್ಲಲ್ಲಿ ಮತ್ತೆ ಹೇನಾದ್ರೆ?" ಎಂದು ಕೇಳಿದಳು. ಬರುವ ಸೋಮವಾರ ಬೆಳಿಗ್ಗೆ ಅವಳ ಕೈ ಹಿಡಿದುಕೊಂಡು ನಾನು ಶಾಲೆಯ ಗೇಟಿನ ಬಳಿ ನಿಂತಿರುತ್ತೇನೆ. ತಾವೂ ಬನ್ನಿ. ಬಂದು, ಆ ಬೋಳು ತಲೆಯ ಮೇಲೆ ತಮ್ಮ ಅಂಗೈ ಇಟ್ಟು, ಇನ್ನೂ ಮಾಸದ ಆ ಕಲೆಗಳು ಕೈಗೆ ತಾಗಿದ ಮೇಲೆ, ನೀನು ಹೊರಗಿರು ಎಂದು ಅವಳಿಗೆ ತಮ್ಮ ಬಾಯಿಂದಲೇ ಹೇಳಿ.

ಇಂತಿ,
ಇಂಥ ಎಷ್ಟೋ ಆದೇಶಗಳನ್ನು ಒಂದಕ್ಷರ ತಪ್ಪದೆ ಟೈಪು ಮಾಡಿಕೊಟ್ಟ,
ತನ್ನ ತಲೆಯನ್ನು ಈವರೆಗೆ ಯಾರೂ ಪರೀಕ್ಷಿಸದ
ಒಬ್ಬ ಅಜ್ಜಿ