ಷೆಡ್ಡಿನ ಕರೆಂಟು

ಹಿಂದೂಪುರ
13-3-1964

ಕಲ್ಯಾಣದುರ್ಗದಲ್ಲಿರುವ ನಮ್ಮ ಯಜಮಾನರಿಗೆ ಶಿವಲಕ್ಷ್ಮಮ್ಮ ಮಾಡುವ ನಮಸ್ಕಾರಗಳು. ‘ಇತ್ತ ಕ್ಷೇಮ’ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ.

ಮೂರು ವರ್ಷದ ಹಿಂದೆ ನಿಮಗೂ ಭಾವನವರಿಗೂ ಭಾಗವಾದಾಗ ಹಿರಿಯರು ಮನೆ, ಹೊಲ, ಹಿತ್ತಲ ಹುಣಸೆಮರ ಎಲ್ಲವನ್ನೂ ಎರಡು ಮಾಡಿದರು. ಹಿಂದಿನ ಮೋಟಾರು ಷೆಡ್ಡನ್ನು ಮಾತ್ರ ಇಬ್ಬರಿಗೂ ಸೇರಿದ್ದೆಂದು ಬಿಟ್ಟರು. ಅದರ ಕರೆಂಟು ಯಾರ ಮೀಟರಿನಿಂದ ಹೋಗುತ್ತದೆಂದು ಯಾರೂ ಕೇಳಲಿಲ್ಲ. ಇದ್ದದ್ದು ಒಂದು ಬಲ್ಬು, ಅದನ್ನೇನು ಕೇಳುವುದು?

ಈಗ ಎರಡು ತಿಂಗಳಿಂದ ನನ್ನ ಮನೆಯ ಬಿಲ್ಲು ಮೂರು ಪಟ್ಟು ಬರುತ್ತಿದೆ. ಇರುವವಳು ಒಬ್ಬಳೇ. ಷೆಡ್ಡಿನಲ್ಲಿ ನಿಲ್ಲುವುದು ಭಾವನವರ ಲಾರಿ, ಬೀಗದ ಕೈ ಇರುವುದೂ ಅವರ ಮನೆಯಲ್ಲೇ. ನಿನ್ನೆ ಬೆಳಿಗ್ಗೆ ಬೀದಿಯಲ್ಲಿ ನಿಂತು ನಿಮ್ಮ ಅತ್ತಿಗೆ ನಾರಮ್ಮಕ್ಕನನ್ನು ಕೂಗಿದೆ. ನೀರಿಗೆ ಬಂದವರೆಲ್ಲ ಕೇಳುವಂತೆ, “ನನ್ ಮನೆ ಕರೆಂಟು ಕದಿಯೋ ಕಳ್ಳಿ, ನಾಚ್ಕೆ ಆಗಾಕಿಲ್ವಾ ನಿಂಗೆ?” ಎಂದೆ. ಅಕ್ಕ ತಲೆ ತಗ್ಗಿಸಿದರು. ಭಾವ ಹೊರಗೆ ಬಂದು, “ಬೀದೀಲಿ ಬ್ಯಾಡ ಕಣಮ್ಮ. ಎಷ್ಟಾಯ್ತು ಹೇಳು, ನಾನೇ ಕಟ್ಬುಡ್ತೀನಿ” ಎಂದರು. ನನಗೆ ಅಷ್ಟು ಸಾಲಲಿಲ್ಲ. ವೈರಿಂಗ್ ಕೆಲಸದ ಆಂಜನಪ್ಪನನ್ನು ಕರೆಸಿದೆ.

ಅವನು ಷೆಡ್ಡಿನ ಬಲ್ಬು ಹಾಕಿ ಬಂದು ನಮ್ಮ ಮನೆಯ ಫ್ಯೂಸು ಕಿತ್ತ. ಅಲ್ಲಿ ಬಲ್ಬು ಆರಿತು. “ಈಗೇನಂತೀಯಕ್ಕಾ?” ಎಂದು ಗೆದ್ದವಳ ಹಾಗೆ ಷೆಡ್ಡಿನೊಳಗೆ ನಡೆದೆ. ಲಾರಿಯ ಹಿಂದೆ ಗೋಣಿಚೀಲ ಮುಚ್ಚಿದ ಎರಡು ಬಸ್ ಬ್ಯಾಟರಿ, ಪಕ್ಕದಲ್ಲಿ ಅವನ್ನು ಚಾರ್ಜು ಮಾಡುವ ಪೆಟ್ಟಿಗೆ. ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು. ಆಂಜನಪ್ಪ ಚೀಲ ಸರಿಸಿ, “ಎವರಿವಮ್ಮಾ ಇವಿ?” ಎಂದು ಕೇಳಿದ. ಯಾರವೆಂದು ನಾನು ಹೇಳಬೇಕಾಗಲಿಲ್ಲ. ಬಿಳಿ ಬಣ್ಣದಲ್ಲಿ ನೀವು ಓಡಿಸುವ ಬಸ್ಸಿನ ನಂಬರು ಬರೆದಿತ್ತು.

ಅಕ್ಕ ಅಳತೊಡಗಿದರು. “ನಿನ್ ಗಂಡಂದೇ ಕಣಮ್ಮ. ಸಂಕ್ರಾಂತಿಯಿಂದ ಬುಧವಾರ ಬುಧವಾರ ಬಸ್ಸು ಇಲ್ಲೇ ಹಾಲ್ಟು. ನಮ್ಮನೇಲಿ ಉಂಡು, ಷೆಡ್ನಾಗೆ ಮಲ್ಗಿ, ಬೆಳಿಗ್ಗೆ ಬ್ಯಾಟ್ರಿ ಬದ್ಲಾಯ್ಸ್ಕೊಂಡು ಹೋಯ್ತಾನೆ. ನಿಂಗೆ ಹೇಳ್ಬಾರ್ದು ಅಂತ ನನ್ ಮಕ್ಳ ಮ್ಯಾಲೆ ಆಣೆ ಹಾಕ್ಸವ್ನೆ” ಎಂದರು. ಬೀದಿಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ನಿಮ್ಮ ಕಾಗದಗಳಲ್ಲಿ ನಿಮ್ಮ ಬಸ್ಸು ಪೆನುಕೊಂಡಕ್ಕೆ ಬಂದು ಅಲ್ಲಿಂದಲೇ ಹಿಂದಿರುಗುತ್ತದೆ! ಭಾಗ ಕೇಳಿದವಳು ನಾನು, ಒಪ್ಪುತ್ತೇನೆ. ಅಣ್ಣತಮ್ಮಂದಿರನ್ನು ಅಗಲಿಸಿದವಳ ಕೈಯ ಊಟ ಬೇಡವೆಂದು ನೀವು ಹೊರಟಿರಿ. ಬೈಯುವುದಕ್ಕಾದರೂ ಒಮ್ಮೆ ಮನೆಗೆ ಬರಬಹುದಿತ್ತು. ನನ್ನ ಅಡುಗೆಮನೆಗೂ ನೀವು ಮಲಗುವ ಜಾಗಕ್ಕೂ ನಡುವೆ ಇರುವುದು ಒಂದು ಗೋಡೆ. ನನ್ನ ಕರೆಂಟು ನಿಮಗೆ ಆಗುತ್ತದೆ, ನನ್ನ ಅನ್ನ ಆಗುವುದಿಲ್ಲ.

ಭಾವ ಕೊಡಬಂದ ದುಡ್ಡನ್ನು ಮುಟ್ಟಲಿಲ್ಲ. ಬಿಲ್ಲು ನಾನೇ ಕಟ್ಟಿದ್ದೇನೆ. ಷೆಡ್ಡಿಗೆ ಹೋಗುವ ತಂತಿಯನ್ನು ಆಂಜನಪ್ಪನಿಂದ ಬಿಚ್ಚಿಸಿದ್ದೇನೆ. ಬರುವ ಬುಧವಾರ ಬೆಳಕು ಬೇಕಾದರೆ ನಿಮ್ಮ ಅಣ್ಣನ ಮನೆಯಿಂದ ಎಳೆಸಿಕೊಳ್ಳಿ.

ಇಂತಿ, ಕಾಗದದ ಮೇಲಷ್ಟೇ ನಿಮ್ಮವಳಾದ
ಶಿವಲಕ್ಷ್ಮಮ್ಮ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ಸಂಕ್ರಾಂತಿ ಕಳೆದ ಒಂದು ಬುಧವಾರ ಗೋಡೆಯಾಚೆ ಕೆಮ್ಮು ಕೇಳಿಸಿತು. ನಿಮ್ಮದೇ ಕೆಮ್ಮು. ನಾನು ಕರೆಯಲಿಲ್ಲ. ನೀವಾಗಿಯೇ ಬಾಗಿಲಿಗೆ ಬರಲಿ ಎಂದು ಅವತ್ತಿನಿಂದ ಪ್ರತಿ ಬುಧವಾರ ಇಬ್ಬರಿಗೆ ಬೇಯಿಸಿಟ್ಟು ಕೂತೆ. ನಿನ್ನೆ ನಾರಮ್ಮಕ್ಕನನ್ನು ಬೀದಿಯಲ್ಲಿ ಕಳ್ಳಿ ಎಂದು ಕೂಗುವಾಗ, ಕರೆಂಟು ಯಾರಿಗೆ ಹೋಗುತ್ತಿದೆಯೆಂದು ನನಗೆ ಗೊತ್ತಿತ್ತು.